ಕಲಬುರಗಿಯಲ್ಲಿ ಹರಾಜುಗಾರ ಆಗಬೇಕಾ? ಪರವಾನಗಿಯಿಂದ ಲೆಕ್ಕ ಚುಕ್ತಾ ಆಗುವ ತನಕ ಸಮಗ್ರ ಮಾರ್ಗದರ್ಶಿ

ವಕೀಲರಿಗೆ ಬಾರ್ ಕೌನ್ಸಿಲ್ ಇದೆ. ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ಇದೆ. ಹರಾಜು ಕೂಗುವವರಿಗೆ ನಮ್ಮ ದೇಶದಲ್ಲಿ ಅಂಥದ್ದು ಒಂದೂ ಇಲ್ಲ. ದೇಶಕ್ಕೆಲ್ಲ ನಡೆಯುವ ಹರಾಜುಗಾರರ ಸರ್ಟಿಫಿಕೇಟ್ ಕೊಡಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕಾನೂನಿನ ಕಣ್ಣಲ್ಲಿ ಅಂಥ ಕಾಗದಕ್ಕೆ ಬೆಲೆ ಇಲ್ಲ.

ಹಾಗಂತ ಯಾರು ಬೇಕಾದರೂ ಏನನ್ನು ಬೇಕಾದರೂ ಹರಾಜು ಹಾಕಬಹುದು ಅಂತಲ್ಲ. ಇಲ್ಲಿ ಪರವಾನಗಿ ಮನುಷ್ಯನ ಬೆನ್ನಿಗೆ ಬರುವುದಿಲ್ಲ, ಮಾಲಿನ ಬೆನ್ನಿಗೆ ಬರುತ್ತದೆ. ತೊಗರಿಗೆ ಒಂದು ಕಾನೂನು, ಬಂಗಾರಕ್ಕೆ ಇನ್ನೊಂದು, ಬ್ಯಾಂಕ್ ಹಿಡಿದ ಮನೆಗೆ ಮತ್ತೊಂದು, ನೂರು ವರ್ಷ ದಾಟಿದ ಬಿದ್ರಿ ಹೂಜಿಗೆ ಬೇರೆಯೇ. ಇದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸಲೀಸು.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗರು, ಹುಡುಗಿಯರು ಈ ಕೆಲಸಕ್ಕೆ ಬರಬೇಕು ಅಂತ ನನಗೆ ತುಂಬಾ ಆಸೆ. ನಮ್ಮ ಗಂಜುಗಳಲ್ಲಿ, ಅಂದರೆ ಕೃಷಿ ಮಾರುಕಟ್ಟೆಗಳಲ್ಲಿ, ಇಷ್ಟೊಂದು ವ್ಯಾಪಾರ ನಡೆದರೂ, ಓದಿಕೊಂಡು ತಯಾರಾಗಿ ಬಂದವರು ಕಮ್ಮಿ. ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಈ ಕಡೆ ಬಂದವನು ನಾನು. ನನಗೆ ಗೊತ್ತಿರುವುದನ್ನು ಕ್ರಮವಾಗಿ ಹೇಳುತ್ತ ಹೋಗುತ್ತೇನೆ.

ಹಂತ 1: ಯಾವ ಮಾಲು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

ನಮ್ಮ ಮೂರು ಜಿಲ್ಲೆಗಳಲ್ಲಿ ಹರಾಜಿನ ಕೆಲಸ ಮುಖ್ಯವಾಗಿ ನಾಲ್ಕು ಕಡೆ ಸಿಗುತ್ತದೆ. ಎಲ್ಲಕ್ಕಿಂತ ದೊಡ್ಡದು ಗಂಜ್. ಕಲಬುರಗಿಯ ನೆಹರು ಗಂಜಿಗೆ ಡಿಸೆಂಬರ್ ಕೊನೆಯಿಂದ ತೊಗರಿ ಬರತೊಡಗಿ ಮಾರ್ಚ್ ತನಕ ಬಿಡುವಿರುವುದಿಲ್ಲ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬೀದರಿನ ಗಾಂಧಿ ಗಂಜಿನಲ್ಲಿ ಹೆಸರು, ಉದ್ದು, ಸೋಯಾ ಜೋರು. ಯಾದಗಿರಿ ಕಡೆ ಹತ್ತಿ, ಶೇಂಗಾ.

ಎರಡನೆಯದು ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳ ಕೆಲಸ. ಅಡವಿಟ್ಟ ಬಂಗಾರ, ಸಾಲ ತೀರದ ಮನೆ, ಪ್ಲಾಟು, ಟ್ರ್ಯಾಕ್ಟರ್ ಇದರಲ್ಲಿ ಬರುತ್ತವೆ. ಮೂರನೆಯದು ಸರ್ಕಾರಿ ಮಾಲು: ಹಳೆ ವಾಹನ, ಗುಜರಿ, ಪಂಚಾಯಿತಿಯ ಸಂತೆ ಕರ, ಹುಣಸೆ ಮರದ ಫಸಲು. ನಾಲ್ಕನೆಯದು ಹಳೆ ವಸ್ತುಗಳು. ಬೀದರಿನಲ್ಲಿ ಇದಕ್ಕೆ ಗಿರಾಕಿ ಇದ್ದಾರೆ, ಆದರೆ ಎಚ್ಚರ ಜಾಸ್ತಿ ಬೇಕು.

ಎಲ್ಲದಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಒಂದನ್ನು ಹಿಡಿದು ಎರಡು ಮೂರು ಹಂಗಾಮು ಅದರಲ್ಲೇ ಕೂತರೆ ಮಾಲಿನ ಗುಣ ಗೊತ್ತಾಗುತ್ತದೆ.

ಹಂತ 2: ಕಾನೂನಿನ ಒಂದು ಕಲಂ ಬಾಯಿಪಾಠ ಮಾಡಿ

ಯಾವ ಮಾಲಾದರೂ ಸರಿ, ಬುನಾದಿ ಒಂದೇ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ. ಅರ್ಧ ಪುಟವೂ ಇಲ್ಲ, ಆದರೆ ಹರಾಜಿನ ಜೀವ ಇರುವುದೇ ಅಲ್ಲಿ. ಅದರಲ್ಲಿ ಏನಿದೆ ಅಂತ ಬಿಡಿಸಿ ಹೇಳುತ್ತೇನೆ.

ಪ್ರತಿ ಲಾಟೂ, ಅಂದರೆ ಒಂದು ನಂಬರಿನಡಿ ಒಟ್ಟಿಗೆ ಹರಾಜಿಗಿಟ್ಟ ಮಾಲು, ಒಂದು ಬೇರೆ ಒಪ್ಪಂದ. ಹತ್ತು ಲಾಟು ಒಬ್ಬನೇ ಕೊಂಡರೂ ಹತ್ತು ಮಾರಾಟ ಆದ ಹಾಗೆ. ಮೂರನೇ ಲಾಟಿನ ಜಗಳವನ್ನು ಏಳನೇ ಲಾಟಿಗೆ ಗಂಟು ಹಾಕುವಂತಿಲ್ಲ.

ಮಾರಾಟ ಮುಗಿಯುವುದು ಸುತ್ತಿಗೆ ಬಿದ್ದಾಗ, ಇಲ್ಲವೇ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಮುಗಿಯಿತು ಅಂತ ಸಾರಿದಾಗ. ನಮ್ಮಲ್ಲಿ 'ಮೂರನೇ ಸಾರಿ' ಅನ್ನುವುದು ಆ ರೂಢಿ. ಅಲ್ಲಿಯ ತನಕ ಸವಾಲು, ಅಂದರೆ ತಾನು ಕೊಡುವ ಬೆಲೆ, ಕೂಗಿದವನು ತನ್ನ ಮಾತು ವಾಪಸ್ ತಗೊಳ್ಳಬಹುದು. 'ಎರಡನೇ ಸಾರಿ' ಅಂದ ಮೇಲೆ ಒಬ್ಬ ಹಿಂದೆ ಸರಿದರೆ ಬಹಳ ಜನ ಹರಾಜುಗಾರರು ಅವನ ಮೇಲೆ ಎಗರಾಡುತ್ತಾರೆ. ಬ್ಯಾಂಕ್ ಹರಾಜಿನ ಥರ ಷರತ್ತಿನಲ್ಲೇ ಬೇರೆ ಬರೆದಿದ್ದರೆ ಆ ಮಾತು ಬೇರೆ. ಸಾದಾ ಹರಾಜಿನಲ್ಲಿ ಅದು ಅವನ ಹಕ್ಕು. ಸುಮ್ನೆ ಹಿಂದಿನ ಸವಾಲಿಗೆ ಹೋಗಿ ಮುಂದುವರಿಸಿ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು: ಮಾಲಿನ ಮಾಲೀಕ ತಾನೂ ಸವಾಲು ಕೂಗುತ್ತೇನೆ ಅಂತ ಮೊದಲೇ ಸಾರಿ ಹೇಳಿರದಿದ್ದರೆ, ಅವನು ಕೂಗುವ ಹಾಗಿಲ್ಲ. ಅವನ ಪರವಾಗಿ ಬೇರೆಯವರು ಕೂಗುವ ಹಾಗೂ ಇಲ್ಲ. ಗೊತ್ತಿದ್ದೂ ಅಂಥ ಸವಾಲನ್ನು ನೀವು ತಗೊಂಡರೆ ಕೊಂಡವನು ಅದನ್ನು ಮೋಸ ಅಂತ ಹಿಡಿಯಬಹುದು. ಬೆಲೆ ಏರಿಸಲಿಕ್ಕೆ ಮಾಲೀಕ ಹುಸಿ ಸವಾಲು ಬಳಸಿದರೆ, ಮಾರಾಟ ರದ್ದು ಮಾಡುವ ಹಕ್ಕು ಕೊಂಡವನಿಗೆ ಬರುತ್ತದೆ. ಗುಂಪಿನಲ್ಲಿ ಮಾಲೀಕನ ಮೈದುನನೋ ಭಾವನೋ ನಿಂತು ಬೆಲೆ ಏರಿಸುವುದನ್ನು ನೀವೂ ನೋಡಿರುತ್ತೀರಿ. ಅದನ್ನು ಕಂಡೂ ಕಾಣದ ಹಾಗೆ ಇರುವುದು ವೃತ್ತಿಗೆ ಮಾಡುವ ದ್ರೋಹ.

ಕೊಳ್ಳುವವರ ಕಡೆಯೂ ಇದೇ ಥರದ ಮೋಸ ಇದೆ. ನಾಲ್ಕು ಜನ ವ್ಯಾಪಾರಿಗಳು ಚಹಾದ ಅಂಗಡಿಯಲ್ಲೇ ಮಾತಾಡಿಕೊಂಡು ಬಂದು, ಒಬ್ಬ ಮಾತ್ರ ಕೂಗಿ ಉಳಿದವರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂ ಪ್ರಕಾರ ಇಂಥ ಒಳಒಪ್ಪಂದಕ್ಕೆ ನಿಷೇಧ ಇದೆ. ಇದಕ್ಕೆ ನಿಮ್ಮ ಕೈಯಲ್ಲಿರುವ ಮದ್ದು ಮೂಲಬೆಲೆ. 64ನೇ ಕಲಮೇ ಅದಕ್ಕೆ ಅವಕಾಶ ಕೊಟ್ಟಿದೆ. ಮೂಲಬೆಲೆ ಇದೆ ಅಂತ ಮೊದಲೇ ಸಾರಿದರೆ, ಅದಕ್ಕಿಂತ ಕೆಳಗೆ ಬಂದ ಸವಾಲನ್ನು ಧೈರ್ಯವಾಗಿ ಬಿಡಬಹುದು.

ಜೊತೆಗೆ 1872ರ ಕರಾರು ಕಾಯ್ದೆಯಲ್ಲಿ ಏಜೆನ್ಸಿ ಬಗ್ಗೆ ಇರುವ ಅಧ್ಯಾಯವನ್ನೂ ಓದಿ. 182ನೇ ಕಲಮಿನಿಂದ ಶುರು. ಹರಾಜುಗಾರ ಮಾರುವವನ ಏಜೆಂಟ್. ಅಂದರೆ ಮಾಲೀಕನಿಗೆ ಲೆಕ್ಕ ಕೊಡಬೇಕು, ಬಂದ ಹಣ ಒಪ್ಪಿಸಬೇಕು, ಅವನಿಗೆ ತಿಳಿಸದೆ ತಾನೇ ಕೊಳ್ಳಬಾರದು. ಕೋರ್ಟ್ ಹರಾಜಿನಲ್ಲಿ ಇದು ಇನ್ನೂ ಬಿಗಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 73ನೇ ನಿಯಮದಂತೆ, ಹರಾಜಿನಲ್ಲಿ ಏನೇ ಕೆಲಸ ಇರುವವರೂ ನೇರವಾಗಿಯಾಗಲಿ ಬೇರೆಯವರ ಹೆಸರಲ್ಲಾಗಲಿ ಸವಾಲು ಕೂಗುವಂತಿಲ್ಲ.

ಹಂತ 3: ಅಂಗಡಿಯ ಕಾಗದಪತ್ರ

ಇದು ಬೇಗ ಮುಗಿಯುವ ಕೆಲಸ. ಪ್ಯಾನ್, ವ್ಯವಹಾರದ ಹೆಸರಲ್ಲಿ ಬ್ಯಾಂಕ್ ಖಾತೆ, ಉದ್ಯಮ್ ನೋಂದಣಿ, ಪಾಲಿಕೆ ಅಥವಾ ನಗರಸಭೆಯ ವ್ಯಾಪಾರ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ. ಆನ್‌ಲೈನ್ ಹರಾಜಿಗೆ ಕ್ಲಾಸ್ 3 ಡಿಜಿಟಲ್ ಸಹಿ ಮಾಡಿಸಿಟ್ಟುಕೊಳ್ಳಿ.

ಜಿಎಸ್‌ಟಿಯಲ್ಲಿ ಮಾತ್ರ ಸ್ವಲ್ಪ ನಿಧಾನಿಸಿ. ಕೃಷಿ ಹುಟ್ಟುವಳಿ ಮಾರಾಟಕ್ಕೆ ದಲಾಲಿ ಅಂಗಡಿ ಕೊಡುವ ಸೇವೆಗೆ ವಿನಾಯಿತಿ ಇದೆ. ಗುಜರಿ, ವಾಹನ, ಯಂತ್ರದ ಹರಾಜಿಗೆ ತಗೊಳ್ಳುವ ಕಮಿಷನ್ನಿಗೆ ಅದು ಇಲ್ಲ. ತೆರಿಗೆ ಕಟ್ಟುವ ವ್ಯಾಪಾರಿಯ ಪರವಾಗಿ ಏಜೆಂಟ್ ಆಗಿ ಮಾಲು ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕಾಗಬಹುದು. ಬಿಲ್ ನಿಮ್ಮ ಹೆಸರಲ್ಲಿ ಹೋಗುತ್ತದೋ ಮಾಲೀಕನ ಹೆಸರಲ್ಲೋ ಅನ್ನುವುದರ ಮೇಲೆ ಇದು ನಿಂತಿದೆ. ಮೊದಲ ಹರಾಜಿಗೆ ಮುಂಚೆಯೇ ನಿಮ್ಮ ಆಡಿಟರ್ ಹತ್ತಿರ ಕೂತು ಇದನ್ನು ಇತ್ಯರ್ಥ ಮಾಡಿಕೊಳ್ಳಿ.

ಹಂತ 4: ಗಂಜಿನ ದಾರಿ

ನಮ್ಮ ಭಾಗದಲ್ಲಿ ಮಾರುಕಟ್ಟೆಗೆ ಕಾನೂನು ಬಂದು ಹತ್ತಿರ ಹತ್ತಿರ ನೂರು ವರ್ಷ ಆಯಿತು. ನಿಜಾಮರ ಕಾಲದಲ್ಲೇ 1930ರ ಹೈದರಾಬಾದ್ ಕೃಷಿ ಮಾರುಕಟ್ಟೆ ಕಾಯ್ದೆ ಇತ್ತು. ಈಗ ನಡೆಯುವುದು 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರಾಟ ಕಾಯ್ದೆ. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವ ಹಳೆ ಪದ್ಧತಿಯನ್ನು ನಿಲ್ಲಿಸಿ, ಎಲ್ಲರಿಗೂ ಕಾಣುವ ಹಾಗೆ ಬೆಲೆ ಆಗಬೇಕು ಅನ್ನುವುದೇ ಇಂಥ ಕಾಯ್ದೆಗಳ ಮೂಲ ಆಶಯ.

ಗಂಜಿನಲ್ಲಿ ದಲಾಲಿ ಅಂಗಡಿ ಇಡಬೇಕಾದರೆ ಮಾರುಕಟ್ಟೆ ಸಮಿತಿಯಿಂದ ದಲ್ಲಾಳಿ ಪರವಾನಗಿ ಬೇಕು. ಕೊಳ್ಳುವವನಿಗೆ ವ್ಯಾಪಾರಿ ಪರವಾನಗಿ. ಹಮಾಲರು, ತೂಕದವರಿಗೂ ಬೇರೆ ಬೇರೆ ಪರವಾನಗಿ ಇದೆ. ಅರ್ಜಿಯ ಜೊತೆ ಗುರುತಿನ ದಾಖಲೆ, ಅಂಗಡಿಯ ಕಾಗದ, ಭದ್ರತಾ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳುತ್ತಾರೆ. ಮೊತ್ತ, ಶುಲ್ಕವನ್ನು ಸಮಿತಿ ಕಚೇರಿಯಲ್ಲೇ ಕೇಳಿ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಈಗ ಗಂಜಿನಲ್ಲಿ ಬಾಯಿಂದ ಕೂಗುವುದಕ್ಕಿಂತ ಇ-ಟೆಂಡರ್ ಜಾಸ್ತಿ. 2014ರಲ್ಲಿ ಕರ್ನಾಟಕ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿತು. ಎರಡು ವರ್ಷ ಬಿಟ್ಟು ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ ಬಂತು. ಅಂದರೆ ಈ ಕೆಲಸದಲ್ಲಿ ನಮ್ಮ ರಾಜ್ಯ ಮುಂದಿತ್ತು. ನಡೆಯುವ ರೀತಿ ಹೀಗೆ: ಗಾಡಿ ಗೇಟಿಗೆ ಬಂದಾಗ ನೋಂದಣಿಯಾಗಿ ಲಾಟ್ ನಂಬರ್ ಸಿಗುತ್ತದೆ. ಮಾಲು ದಲಾಲಿ ಅಂಗಡಿಯ ಮುಂದೆ ಇಳಿಯುತ್ತದೆ. ವ್ಯಾಪಾರಿಗಳು ಬಂದು ನೋಡಿ ಹೋಗಿ, ಗೊತ್ತು ಮಾಡಿದ ಸಮಯದೊಳಗೆ ತಮ್ಮ ದರ ಹಾಕುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಸಮಯ ಮುಗಿದ ಮೇಲೆ ಹೆಚ್ಚಿನ ದರ ಹೊರಗೆ ಬೀಳುತ್ತದೆ. ಒಪ್ಪುವುದು ಬಿಡುವುದು ರೈತನ ಇಷ್ಟ. ಒಪ್ಪಿದರೆ ತೂಕ, ಆಮೇಲೆ ಬಿಲ್.

ಕಂಪ್ಯೂಟರ್ ಬಂದ ಮೇಲೆ ಹರಾಜುಗಾರನಿಗೆ ಏನು ಕೆಲಸ ಅಂತ ಕೇಳುತ್ತಾರೆ. ದರ ಬೀಳುವುದು ಕಂಪ್ಯೂಟರಿನಲ್ಲಿ ನಿಜ, ಆದರೆ ದರ ಹುಟ್ಟುವುದು ಅಂಗಡಿ ಮುಂದಿನ ರಾಶಿಯಲ್ಲಿ. ಮಾಲು ತೋರಿಸುವ ರೀತಿಯಲ್ಲೇ ಕ್ವಿಂಟಲ್ಲಿಗೆ ನೂರಿನ್ನೂರು ರೂಪಾಯಿ ಆಚೀಚೆ ಆಗುತ್ತದೆ.

ಒಂದು ಲಾಟನ್ನು ತೋರಿಸುವುದು ಹೇಗೆ ಅಂತ ಹೇಳುತ್ತೇನೆ. ಮೂವತ್ತು ಚೀಲ ತೊಗರಿ ಇದೆ ಅಂದುಕೊಳ್ಳಿ. ಮೇಲಿನ ಚೀಲದಿಂದ ಮಾತ್ರ ಮಾದರಿ ತೆಗೆಯಬೇಡಿ. ತಳದ ಸಾಲಿನಿಂದ, ನಡುವಿನಿಂದ, ಅಂಚಿನಿಂದ ಐದಾರು ಚೀಲ ಆರಿಸಿ, ಚೂಪು ಮೊನೆಯ ಕಬ್ಬಿಣದ ಕೊಳವೆ ಚುಚ್ಚಿ ಒಳಗಿನ ಕಾಳು ತೆಗೆಯಿರಿ. ಎಲ್ಲವನ್ನೂ ಒಂದೇ ತಟ್ಟೆಗೆ ಹಾಕಿ ಕಲಸಿ ಬಿಸಿಲಲ್ಲಿಡಿ, ನೆರಳಲ್ಲಿ ಬೇಡ. ಸುಕ್ಕಿದ ಕಾಳು, ಹುಳು ತಿಂದದ್ದು, ಒಡೆದದ್ದು, ಮಣ್ಣು, ಕಡ್ಡಿ ಇವನ್ನು ಆರಿಸಿ ತೆಗೆಯದೆ ಹಾಗೇ ಬಿಡಿ. ಅನುಭವಸ್ಥ ಖರೀದಿದಾರ ಒಂದು ಕಾಳು ಹಲ್ಲಿನಡಿ ಇಟ್ಟು ಕಡಿಯುತ್ತಾನೆ. ಟಪ್ ಅಂತ ಒಡೆದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಹಸಿ. ಆ ಹಲ್ಲಿನ ಮಾತಿಗೆ ನಿಮ್ಮ ಹತ್ತಿರ ತೇವಾಂಶ ಅಳೆಯುವ ಮಷಿನ್ನಿನ ಅಂಕಿ ಇರಬೇಕು. ಬೆಂಬಲ ಬೆಲೆ ಖರೀದಿಯಲ್ಲಿ ತೊಗರಿಗೆ ಶೇ 12ರೊಳಗೆ ತೇವಾಂಶ ಇರಬೇಕು ಅಂತ ಇದೆ. ಅದೇ ಅಳತೆಗೋಲನ್ನು ಎಲ್ಲ ಲಾಟಿಗೂ ಇಟ್ಟುಕೊಂಡು, ಅಂಕಿಯನ್ನು ಚೀಟಿಯಲ್ಲಿ ಬರೆದು ರಾಶಿಯ ಮೇಲಿಡಿ.

ರೈತನಿಗೆ ಬೆಂಬಲ ಬೆಲೆ ಎಷ್ಟು ಅಂತಲೂ ನೀವೇ ಹೇಳಬೇಕು. ತೊಗರಿಗೆ 2024-25ರಲ್ಲಿ ಕ್ವಿಂಟಲ್ಲಿಗೆ ₹7,550 ಇತ್ತು, 2025-26ಕ್ಕೆ ₹8,000 ಆಯಿತು. ಟೆಂಡರ್ ದರ ಅದಕ್ಕಿಂತ ಕೆಳಗೆ ಬಿದ್ದರೆ ಖರೀದಿ ಕೇಂದ್ರದ ದಾರಿ ಇದೆ ಅಂತ ಅವನಿಗೆ ಗೊತ್ತಿರಬೇಕಲ್ವಾ? ನಿಮ್ಮ ದಲಾಲಿ ಒಂದು ಲಾಟಿನಷ್ಟು ಕಮ್ಮಿ ಆಗಬಹುದು. ಆಗಲಿ, ಹೇಳಿ.

ಇನ್ನು ಮಾಡಲೇಬಾರದ ಕೆಲಸಗಳು. ದಲಾಲಿಯನ್ನು ಕೊಂಡವನಿಂದ ಪಡೆಯಬೇಕು, ರೈತನ ಪಟ್ಟಿಯಲ್ಲಿ, ಅಂದರೆ ಅವನಿಗೆ ಕೊಡುವ ಮಾರಾಟದ ಬಿಲ್ಲಿನಲ್ಲಿ, ಮುರಿಯಬಾರದು. ಮಾದರಿ ಹೆಸರಲ್ಲಿ ಬೊಗಸೆ ಬೊಗಸೆ ಕಾಳು ಇಟ್ಟುಕೊಳ್ಳಬಾರದು. ತೂಕದಲ್ಲಿ ಚೀಲಕ್ಕಿಷ್ಟು ಅಂತ ಕಡಿಯಬಾರದು. ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ಕೊಡಬಾರದು. ಬಿಳಿ ಚೀಟಿ ಹಿಡಿದು ಹೋದ ರೈತನಿಗೆ ನಾಳೆ ಜಗಳ ಆದರೆ ಕೈಯಲ್ಲಿ ಯಾವ ದಾಖಲೆಯೂ ಇರುವುದಿಲ್ಲ. ಸಮಿತಿ ನಿಗದಿ ಮಾಡಿದ ನಮೂನೆಯಲ್ಲೇ ಪಟ್ಟಿ ಕೊಡಿ, ಹಣವನ್ನು ಅದೇ ದಿನ ಕೊಡಿ. 'ಮುಂದಿನ ವಾರ ಬರ್ರಿ ಕಾಕಾ' ಅನ್ನುವ ಮಾತಿಗೆ ಗಂಜಿನಲ್ಲಿ ಜಾಗ ಇರಬಾರದು. ತೂಕದ ಮಷಿನ್ನಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ವರ್ಷ ವರ್ಷ ಹೊಸದಾಗಬೇಕು.

ಹಂತ 5: ಬ್ಯಾಂಕಿನ ದಾರಿ

ಬಂಗಾರದಿಂದ ಶುರು ಮಾಡೋಣ, ಯಾಕೆಂದರೆ ನಮ್ಮ ಜನರ ಕಣ್ಣೀರು ಇಲ್ಲೇ ಜಾಸ್ತಿ. ಬಿತ್ತನೆಗೆ ಅಂತ ಅಡವಿಟ್ಟ ಬೋರಮಾಳ, ಪಾಟ್ಲಿ ಮಳೆ ಕೈಕೊಟ್ಟ ವರ್ಷ ಹರಾಜಿಗೆ ಬರುತ್ತವೆ. ಸಾಲ ಕೊಟ್ಟ ಸಂಸ್ಥೆಗಳು ಹರಾಜುಗಾರರನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತವೆ. ಅರ್ಜಿ ಹಾಕುವುದಕ್ಕೆ ಹಂತ 3ರ ಕಾಗದ, ಹಿಂದಿನ ಹರಾಜಿನ ದಾಖಲೆ, ಪೊಲೀಸ್ ಪರಿಶೀಲನೆ ಸಾಮಾನ್ಯವಾಗಿ ಬೇಕು.

ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಬಂಗಾರ, ಬೆಳ್ಳಿ ಸಾಲದ ಬಗ್ಗೆ ಹೊಸ ನಿರ್ದೇಶನ ತಂದಿತು. 2026ರ ಏಪ್ರಿಲ್ 1ರೊಳಗೆ ಎಲ್ಲರೂ ಅದಕ್ಕೆ ಹೊಂದಿಕೊಳ್ಳಬೇಕು ಅಂತ ಹೇಳಿತು. ಅದರ ಪ್ರಕಾರ ಸಾಲಗಾರನಿಗೆ ಮೊದಲು ನೋಟಿಸ್ ಹೋಗಬೇಕು. ಎರಡು ಪತ್ರಿಕೆಗಳಲ್ಲಿ ಜಾಹೀರಾತು ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದು. ಮೊದಲ ಹರಾಜು ಶಾಖೆ ಇರುವ ಜಿಲ್ಲೆಯಲ್ಲೇ ನಡೆಯಬೇಕು. ಮೂಲಬೆಲೆ ಆಗಿನ ಬೆಲೆಯ ಶೇ 90ಕ್ಕಿಂತ ಕಮ್ಮಿ ಇರಬಾರದು. ಎರಡು ಸಲ ಹರಾಜು ಬಿದ್ದುಹೋದರೆ ಮಾತ್ರ ಶೇ 85ಕ್ಕೆ ಇಳಿಸಬಹುದು. ಸಾಲ ಕೊಟ್ಟವರಾಗಲಿ ಅವರಿಗೆ ಸಂಬಂಧಪಟ್ಟವರಾಗಲಿ ಕೂಗುವಂತಿಲ್ಲ.

ಒಂದು ಲೆಕ್ಕ ನೋಡಿ. ಒಡವೆಯ ಬೆಲೆ ₹1,00,000. ಅಂದರೆ ಮೂಲಬೆಲೆ ₹90,000ಕ್ಕೆ ಇಳಿಯುವಂತಿಲ್ಲ. ಹರಾಜಿನಲ್ಲಿ ₹96,000 ಬಂತು. ಬಾಕಿ, ಬಡ್ಡಿ, ಖರ್ಚು ಸೇರಿ ₹64,000. ಉಳಿದ ₹32,000 ಒಡವೆ ಇಟ್ಟವರದ್ದು. ಪೂರ್ತಿ ಹಣ ಬಂದ 7 ಕೆಲಸದ ದಿನಗಳೊಳಗೆ ಅದು ಅವರಿಗೆ ಸೇರಬೇಕು. ತಮ್ಮ ಒಡವೆ ಹೋಯಿತು ಅಂತ ಸುಮ್ಮನಾದ ಎಷ್ಟೋ ಜನಕ್ಕೆ ಇಂಥ ಹಣ ಬರುವುದಿದೆ ಅಂತಲೇ ತಿಳಿದಿರುವುದಿಲ್ಲ. ಹರಾಜಿನ ದಿನ ಅವರು ಬಂದು ನಿಂತರೆ ಕುರ್ಚಿ ಕೊಡಿ, ಲೆಕ್ಕದ ಹಾಳೆ ಕೈಗೆ ಕೊಡಿ, ಕನ್ನಡದಲ್ಲಿ ಓದಿ ಹೇಳಿ.

ಮನೆ, ಪ್ಲಾಟಿನದು 2002ರ ಸರ್ಫೇಸಿ ಕಾಯ್ದೆ, ಅಂದರೆ ಸಾಲ ತೀರದ ಆಸ್ತಿಯನ್ನು ಬ್ಯಾಂಕೇ ಹಿಡಿದು ಮಾರುವ ಕಾನೂನು. ಸಾಲಗಾರನಿಗೆ 60 ದಿನದ ಬೇಡಿಕೆ ನೋಟಿಸ್, ಮುಂದೆ ಮಾರಾಟಕ್ಕೆ ಮುಂಚೆ 30 ದಿನದ ನೋಟಿಸ್. ತೀರ್ಮಾನ ಮಾಡುವವರು ಬ್ಯಾಂಕಿನ ಅಧಿಕೃತ ಅಧಿಕಾರಿ. ನೀವು ಅವರ ಕೆಳಗೆ ಪ್ರಚಾರ, ಆಸ್ತಿ ತೋರಿಸುವುದು, ಕೊಳ್ಳುವವರ ದಾಖಲೆ ಜೋಡಿಸುವುದು ಇಂಥ ಕೆಲಸ ಮಾಡುತ್ತೀರಿ. ಹೆಚ್ಚು ಬೆಲೆ ಕೂಗಿದವನು ಮುಂಗಡ ಠೇವಣಿಯನ್ನೂ ಸೇರಿಸಿ ಶೇ 25ನ್ನು ಅದೇ ದಿನ ಅಥವಾ ಮರು ಕೆಲಸದ ದಿನ ಕಟ್ಟಬೇಕು. ಉಳಿದದ್ದನ್ನು ಮಾರಾಟ ಖಾಯಂ ಆದ 15ನೇ ದಿನದೊಳಗೆ. ₹40 ಲಕ್ಷದ ಮನೆಯಾದರೆ ₹10 ಲಕ್ಷ ತಕ್ಷಣ, ₹30 ಲಕ್ಷ ಆಮೇಲೆ. ಬ್ಯಾಂಕ್ ಸಾಲ ಮಾಡಿ ಕಟ್ಟುತ್ತೇನೆ ಅಂತ ಬರುವವರಿಗೆ ಈ ದಿನಗಳ ಲೆಕ್ಕವನ್ನು ಮೊದಲೇ ಹೇಳದಿದ್ದರೆ ಅವರು ಠೇವಣಿ ಕಳೆದುಕೊಳ್ಳುತ್ತಾರೆ. ಸರ್ಕಾರಿ ಬ್ಯಾಂಕುಗಳ ಆಸ್ತಿಗಳು ಈಗ ಬ್ಯಾಂಕ್‌ನೆಟ್ ಜಾಲತಾಣದಲ್ಲಿ ಸಿಗುತ್ತವೆ. ಸರ್ಕಾರಿ ಗುಜರಿ, ಹಳೆ ವಾಹನಕ್ಕೆ ಕೇಂದ್ರದ ಎಂಎಸ್‌ಟಿಸಿ ತಾಣ ನೋಡಿ.

ಹಂತ 6: ಓದಿ ಪಾಸಾಗಬಹುದಾದ ಪರೀಕ್ಷೆಗಳು

ಹರಾಜುಗಾರನಿಗೆ ಅಂತಲೇ ಪರೀಕ್ಷೆ ಇಲ್ಲದಿದ್ದರೂ, ಪಕ್ಕದ ಎರಡು ಪರೀಕ್ಷೆ ನಿಮ್ಮ ಮಾತಿಗೆ ತೂಕ ತರುತ್ತವೆ.

ಮೊದಲನೆಯದು ನೋಂದಾಯಿತ ಮೌಲ್ಯಮಾಪಕರ ಪರೀಕ್ಷೆ. 2017ರ ನಿಯಮಗಳ ಪ್ರಕಾರ ಇದನ್ನು ನಡೆಸುವುದು ದಿವಾಳಿತನ ಮಂಡಳಿ, ಅಂದರೆ ಐಬಿಬಿಐ. ಮೂರು ವಿಭಾಗ ಇವೆ: ಜಮೀನು ಮತ್ತು ಕಟ್ಟಡ, ಯಂತ್ರೋಪಕರಣ, ಷೇರು ಮತ್ತು ಹಣಕಾಸು ಆಸ್ತಿ. ವಿಭಾಗಕ್ಕೆ ತಕ್ಕ ಪದವಿ ಜೊತೆ 5 ವರ್ಷ ಅನುಭವ, ಸ್ನಾತಕೋತ್ತರ ಆದರೆ 3 ವರ್ಷ. ಮೌಲ್ಯಮಾಪಕರ ಸಂಸ್ಥೆಯೊಂದರಲ್ಲಿ ಸದಸ್ಯರಾಗಿ 50 ಗಂಟೆಯ ತರಗತಿ ಮುಗಿಸಬೇಕು. ಪಾಸಾಗಲಿಕ್ಕೆ ಶೇ 60 ಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದ ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಒಂದು ಎಚ್ಚರ: ನೀವೇ ಬೆಲೆ ಕಟ್ಟಿದ ಆಸ್ತಿಯನ್ನು ನೀವೇ ಹರಾಜು ಹಾಕಬೇಡಿ. ಎರಡರಲ್ಲಿ ಒಂದನ್ನು ಬಿಡಿ.

ಎರಡನೆಯದು ಭಾರತೀಯ ಬ್ಯಾಂಕಿಂಗ್ ಮತ್ತು ಹಣಕಾಸು ಸಂಸ್ಥೆ, ಅಂದರೆ ಐಐಬಿಎಫ್ ನಡೆಸುವ ಸಾಲ ವಸೂಲಿ ಏಜೆಂಟರ ಪರೀಕ್ಷೆ. ಪದವೀಧರರಿಗೆ 50 ಗಂಟೆ, ಉಳಿದವರಿಗೆ 100 ಗಂಟೆ ತರಬೇತಿ. ಇದು ವಸೂಲಿಯವರಿಗೆ ಮಾಡಿದ್ದು, ಹರಾಜುಗಾರರಿಗಲ್ಲ. ಆದರೂ ವಾಹನ ಹರಾಜಿನ ಕಡೆ ಹೋಗುವವರಿಗೆ ಬ್ಯಾಂಕಿನ ಭಾಷೆ ಇದರಿಂದ ಬರುತ್ತದೆ.

ಹೊರದೇಶದಲ್ಲಿ ಕಥೆ ಬೇರೆ. ಅಮೆರಿಕದ ಉತ್ತರ ಕೆರೊಲಿನಾ, ಟೆನ್ನೆಸ್ಸಿಯಂಥ ರಾಜ್ಯಗಳಲ್ಲಿ ಲೈಸೆನ್ಸ್ ಇಲ್ಲದೆ ಹರಾಜು ಕೂಗುವಂತಿಲ್ಲ. ಅಲ್ಲಿನ ರಾಷ್ಟ್ರೀಯ ಹರಾಜುಗಾರರ ಸಂಘ ಮೂರು ವರ್ಷದ 'ಸಿಎಐ' ಅನ್ನುವ ಪದವಿ ಕೊಡುತ್ತದೆ, ಸದಸ್ಯರಿಗೆ ನೀತಿ ಸಂಹಿತೆಯೂ ಇದೆ. ಅದನ್ನು ಮಾಡಿಕೊಂಡು ಬಂದರೂ ನೆಹರು ಗಂಜಿನಲ್ಲಿ ದಲ್ಲಾಳಿ ಪರವಾನಗಿ ಬೇಕೇ ಬೇಕು. ಆ ನೀತಿ ಸಂಹಿತೆಯನ್ನು ಮಾತ್ರ ಓದಿ.

ಹಳೆ ವಸ್ತುಗಳ ಕಡೆ ಮನಸ್ಸಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ತಿಳಿದಿರಲಿ. 100 ವರ್ಷ ದಾಟಿದ ಕಲಾವಸ್ತು, 75 ವರ್ಷ ದಾಟಿದ ಹಸ್ತಪ್ರತಿ ಇದರೊಳಗೆ ಬರುತ್ತವೆ. ಇವನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಬೀದರಿನ ಹಳೆ ಮನೆಯಿಂದ ಬೆಳ್ಳಿ ಕೆತ್ತಿದ ಬಿದ್ರಿ ಹುಕ್ಕಾದ ತಳ ಬಂತು ಅಂದರೆ, ವಯಸ್ಸು ಗೊತ್ತಾಗುವ ತನಕ ಲಾಟ್ ನಂಬರ್ ಕೊಡಬೇಡಿ. ಹೊಸ ಬಿದ್ರಿಗೆ ಈ ತಾಪತ್ರಯ ಇಲ್ಲ.

ಹಂತ 7: ಷರತ್ತಿನ ಹಾಳೆ

ಖಾಸಗಿ ಹರಾಜು ಯಾವುದೇ ಇರಲಿ, ಒಂದು ಹಾಳೆ ಕನ್ನಡದಲ್ಲಿ ಅಚ್ಚಾಗಿ ಗೋಡೆ ಮೇಲೆ ಇರಬೇಕು. ಮಾಲು ಯಾರದ್ದು, ಯಾವ ಹಕ್ಕಿನಲ್ಲಿ ಮಾರುತ್ತಿದ್ದಾರೆ, ನೋಡುವ ಸಮಯ ಯಾವುದು, ಮೂಲಬೆಲೆ ಇದೆಯೋ ಇಲ್ಲವೋ, ಮಾಲೀಕ ಕೂಗುತ್ತಾನೋ ಇಲ್ಲವೋ, ಒಂದು ಸವಾಲಿಗೂ ಇನ್ನೊಂದಕ್ಕೂ ಕನಿಷ್ಠ ಎಷ್ಟು ಅಂತರ, ಠೇವಣಿ ಎಷ್ಟು, ಬಾಕಿ ಯಾವಾಗ, ಮಾಲು ಎತ್ತಲಿಕ್ಕೆ ಎಷ್ಟು ದಿನ, ಎತ್ತದಿದ್ದರೆ ಏನು, ತೆರಿಗೆ ಯಾರದ್ದು, ಇಬ್ಬರು ಒಂದೇ ಬೆಲೆ ಕೂಗಿದರೆ ಏನು ಮಾಡುತ್ತೀರಿ. ಕೊರತೆಗಳನ್ನೂ ಬರೆಯಿರಿ. ಟ್ರ್ಯಾಕ್ಟರಿನ ಹಿಂದಿನ ಟೈರು ಸವೆದಿದ್ದರೆ 'ಹಿಂದಿನ ಎರಡೂ ಟೈರು ಸವೆದಿವೆ' ಅಂತಲೇ ಬರೆಯಿರಿ. 'ಇದ್ದಲ್ಲಿ ಇದ್ದ ಹಾಗೆ' ಅಂತ ಒಂದು ಸಾಲು ಹಾಕಿ ಎಲ್ಲ ಮುಚ್ಚಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹಂತ 8: ಹರಾಜಿನ ದಿನ

ಬೇಸಿಗೆಯಲ್ಲಿ ನಮ್ಮ ಕಡೆ ಹನ್ನೊಂದರ ಮೇಲೆ ಯಾರೂ ಬಯಲಲ್ಲಿ ನಿಲ್ಲಲಾರರು. ಬೆಳಗ್ಗೆ ಎಂಟಕ್ಕೇ ಶುರು ಮಾಡಿ. ಎಲ್ಲರಿಗೂ ನಂಬರ್ ಚೀಟಿ ಕೊಡಿ, ಹೆಸರು ಬರೆದುಕೊಳ್ಳಿ. ಮೊದಲು ಷರತ್ತಿನ ಹಾಳೆಯನ್ನು ಪೂರ್ತಿ ಓದಿ. ಜನ ಬೇಸರಪಟ್ಟರೂ ಓದಿ.

ಕೂಗುವಾಗ ಅವಸರ ಬೇಡ. ಅಮೆರಿಕದ ದನದ ಹರಾಜಿನ ಥರ ನಾಲಿಗೆ ಓಡಿಸಬೇಕಿಲ್ಲ. ನಮ್ಮಲ್ಲಿ ಬೇಕಾದದ್ದು ಅಂಕಿ ಸ್ಪಷ್ಟ ಕೇಳುವುದು ಮತ್ತು ಅದು ಯಾರ ಸವಾಲು ಅಂತ ಪ್ರತಿ ಸಲ ಹೇಳುವುದು. ಹೀಗೆ:

'ಲಾಟ್ ನಂಬರ್ ನಾಲ್ಕು. ಟ್ರ್ಯಾಕ್ಟರ್. ಎರಡು ಲಕ್ಷದ ಹತ್ತು ಸಾವಿರ, ಹದಿನೇಳನೇ ನಂಬರ್ ಸಾಹುಕಾರ್ರದು. ಎರಡು ಹದಿನೈದು ಯಾರ್ರೀ? ಎರಡು ಹದಿನೈದು, ಆರನೇ ನಂಬರ್ ಗೌಡ್ರದು. ಸಾಹುಕಾರ್ರೇ, ಎರಡು ಇಪ್ಪತ್ತು?'

'ಬ್ಯಾಡ್ರಿ, ಬಿಡ್ರಿ.'

'ಆರನೇ ನಂಬರ್, ಎರಡು ಲಕ್ಷದ ಹದಿನೈದು ಸಾವಿರ. ಒಂದನೇ ಸಾರಿ. ಹಿಂದ್ಗಡೆ ನಿಂತವ್ರು, ಏನರ ಅದ ಏನ್ರೀ? ಎರಡನೇ ಸಾರಿ. ಮೂರನೇ ಸಾರಿ. ಆರನೇ ನಂಬರಿಗೆ.'

'ಎರಡನೇ' ಮತ್ತು 'ಮೂರನೇ' ನಡುವೆ ತಲೆ ಎತ್ತಿ ಇಡೀ ಗುಂಪನ್ನು ಒಂದು ಸಲ ನೋಡಿ. ಪರಿಚಯದ ವ್ಯಾಪಾರಿ ಕೂಗಿದ ತಕ್ಷಣ ಬೇಗ ಮುಗಿಸುವುದು, ಪರಿಚಯ ಇಲ್ಲದವನು ಕೂಗಿದರೆ ಎಳೆಯುವುದು ಬೇಡ. ಜನ ಇದನ್ನು ಲೆಕ್ಕ ಇಟ್ಟಿರುತ್ತಾರೆ. ಐಪಿಎಲ್ ಹರಾಜನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ. 2023ರ ಡಿಸೆಂಬರ್‌ನಲ್ಲಿ ದುಬೈನಲ್ಲಿ ಅದನ್ನು ನಡೆಸಿದವರು ಮುಂಬೈನ ಮಲ್ಲಿಕಾ ಸಾಗರ್. ಮಿಚೆಲ್ ಸ್ಟಾರ್ಕ್ ₹24.75 ಕೋಟಿಗೆ ಹೋದ ಆ ಲಾಟನ್ನು ಇನ್ನೊಂದು ಸಲ ಹಾಕಿ ನೋಡಿ. ಆಟಗಾರನನ್ನು ಬಿಟ್ಟು ಹರಾಜು ನಡೆಸುವವರನ್ನೇ ಗಮನಿಸಿ. ಅದಕ್ಕೂ ಹಿಂದೆ 2022ರಲ್ಲಿ ಬೆಂಗಳೂರಿನ ಹರಾಜಿನ ನಡುವೆಯೇ ಅದನ್ನು ನಡೆಸುತ್ತಿದ್ದ ಹ್ಯೂ ಎಡ್ಮೀಡ್ಸ್ ಕುಸಿದು ಬಿದ್ದಾಗ ಚಾರು ಶರ್ಮಾ ಬಂದು ಮುಂದುವರಿಸಿದರು. ನಿಮ್ಮ ಜೊತೆಯೂ ಎಲ್ಲ ಕಾಗದ ಓದಿಕೊಂಡ ಇನ್ನೊಬ್ಬರು ಇರಲಿ.

ಒಬ್ಬರು ಬರೀ ಬರೆಯಲಿಕ್ಕೆ ಕೂತಿರಬೇಕು. ಪ್ರತಿ ಲಾಟಿನ ಕೊನೆಯ ಸವಾಲು, ಅದರ ಹಿಂದಿನ ಸವಾಲು, ನಂಬರ್, ಸಮಯ. ಕೊಂಡವನ ಸಹಿ ಅಲ್ಲೇ ಹಾಕಿಸಿ. ಮೊಬೈಲ್ ಸ್ಟ್ಯಾಂಡ್ ಮೇಲಿಟ್ಟು ಪೂರ್ತಿ ವಿಡಿಯೋ ಮಾಡಿ. ತಕರಾರು ಬಂದರೆ ಅಲ್ಲೇ ನಿಲ್ಲಿಸಿ, ಮುಂದಿನ ಲಾಟಿಗೆ ಹೋಗುವ ಮುಂಚೆ ತೀರಿಸಿ. ತೀರದಿದ್ದರೆ ಆ ಲಾಟನ್ನು ಮತ್ತೆ ಮೊದಲಿಂದ ಕೂಗಿ.

ಹಂತ 9: ದುಡ್ಡು ಮತ್ತು ದಾಖಲೆ

ಠೇವಣಿ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇಡಿ. ನಿಮ್ಮ ಅಂಗಡಿ ಬಾಡಿಗೆ, ಮನೆ ಖರ್ಚು ಯಾವುದೂ ಆ ಖಾತೆ ಮುಟ್ಟಬಾರದು. ಅದು ಒಂದು ದಿನದ ಮಟ್ಟಿಗೂ ನಿಮ್ಮ ಹಣ ಅಲ್ಲ. ಸೋತವರ ಠೇವಣಿ ಅದೇ ದಿನ ಅವರ ಖಾತೆಗೆ ವಾಪಸ್ ಹೋಗಲಿ. ಆದಾಯ ತೆರಿಗೆ ಕಾನೂನಿನ ಪ್ರಕಾರ ಒಬ್ಬರಿಂದ ಒಂದು ದಿನದಲ್ಲಿ ₹2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. 'ಅರ್ಧ ಚೆಕ್, ಅರ್ಧ ಕ್ಯಾಶ್' ಅಂತ ಬರುವವರಿಗೆ ಇದನ್ನೇ ಹೇಳಿ. ₹50 ಲಕ್ಷ ಮುಟ್ಟಿದ ಆಸ್ತಿಗೆ ಕೊಳ್ಳುವವನು ಶೇ 1 ಟಿಡಿಎಸ್ ಹಿಡಿದು ಕಟ್ಟಬೇಕು. ಹಳ್ಳಿ ಕಡೆಯ ಕೃಷಿ ಜಮೀನಿಗೆ ಇದು ಇಲ್ಲ.

ಮಾಲೀಕನಿಗೆ ಕೊಡುವ ಲೆಕ್ಕ ಒಂದೇ ಹಾಳೆಯಲ್ಲಿ ಇರಲಿ: ಬಂದದ್ದು, ನಿಮ್ಮ ಕಮಿಷನ್, ಪ್ರಚಾರದ ಖರ್ಚು, ಹಮಾಲಿ, ತೆರಿಗೆ, ಉಳಿದದ್ದು. ಪ್ರತಿ ಖರ್ಚಿಗೂ ರಸೀದಿ ಪಿನ್ ಮಾಡಿ. ನಿಮ್ಮ ಕಮಿಷನ್ ಎಷ್ಟು ಅಂತ ಹರಾಜಿಗೆ ಮುಂಚೆಯೇ ಬರಹದಲ್ಲಿ ಒಪ್ಪಿಕೊಂಡಿರಬೇಕು. ಮಾರಿದವನಿಂದ ಮತ್ತು ಕೊಂಡವನಿಂದ ಇಬ್ಬರಿಂದಲೂ ತಗೊಳ್ಳುತ್ತಿದ್ದರೆ ಅದು ಇಬ್ಬರಿಗೂ ಗೊತ್ತಿರಬೇಕು.

ಆ ದಿನದ ಷರತ್ತಿನ ಹಾಳೆ, ಜಾಹೀರಾತು, ನಂಬರ್ ಪಟ್ಟಿ, ಸವಾಲಿನ ಪುಸ್ತಕ, ವಿಡಿಯೋ, ಲೆಕ್ಕದ ಹಾಳೆ ಎಲ್ಲ ಒಂದೇ ಕಡತದಲ್ಲಿ ಕಟ್ಟಿಡಿ. ನಾಳೆ ಬ್ಯಾಂಕಿನ ಪಟ್ಟಿಗೆ ಅರ್ಜಿ ಹಾಕುವಾಗ ಕೇಳುವುದು ಇಂಥ ಕಡತಗಳನ್ನೇ. ಮೊದಲ ಕಡತ ಮಾಡಿಕೊಳ್ಳಲಿಕ್ಕೆ ದೊಡ್ಡ ಹರಾಜಿಗೆ ಕಾಯಬೇಡಿ. ನಿಮ್ಮೂರ ಪಂಚಾಯಿತಿಯಲ್ಲಿ ಸಂತೆ ಕರದ ಲಿಲಾವು (ಹರಾಜು) ಯಾವಾಗ ಅಂತ ಪಿಡಿಒ ಹತ್ತಿರ ವಿಚಾರಿಸಿ, ಆ ದಿನ ಹೋಗಿ ಸವಾಲು ಬರೆಯುವ ಕೆಲಸಕ್ಕೆ ಕೂಡಿಸಿಕೊಳ್ಳಿ ಅಂತ ಕೇಳಿ.